ಮೀಟರಿಗೆ ಸಿಕ್ಕದ ಹಸಿವು

ಕರ್ನಾಟಕದ ಯಾವ ವೈದ್ಯರನ್ನಾದರೂ ಮಾತಿಗೆಳೆದು ‘ರೊಥೆರಾ ಟೆಸ್ಟ್’ ಅಂದು ನೋಡಿ. ಎಂ.ಬಿ.ಬಿ.ಎಸ್. ಮೊದಲ ವರ್ಷದ ಬಯೋಕೆಮಿಸ್ಟ್ರಿ ಲ್ಯಾಬಿನ ಅಮೋನಿಯಾ ಘಾಟು ಅವರ ಮೂಗಿಗೆ ಮತ್ತೆ ಅಡರುತ್ತದೆ. ಟೆಸ್ಟ್ ಟ್ಯೂಬಿನಲ್ಲಿ ಒಂದಿಷ್ಟು ಮೂತ್ರ, ತಳದಲ್ಲಿ ಕರಗದೆ ಉಳಿಯುವಷ್ಟು ಅಮೋನಿಯಂ ಸಲ್ಫೇಟ್, ಸ್ವಲ್ಪ ಸೋಡಿಯಂ ನೈಟ್ರೊಪ್ರಸೈಡ್, ಕೊನೆಗೆ ಟ್ಯೂಬಿನ ಗೋಡೆಗುಂಟ ನಿಧಾನವಾಗಿ ಇಳಿಬಿಟ್ಟ ಅಮೋನಿಯಾ ದ್ರಾವಣ. ಎರಡು ಪದರ ಕೂಡುವಲ್ಲಿ ನೇರಳೆ ಉಂಗುರ ಮೂಡಿದರೆ ಕೀಟೋನ್ ಇದೆ ಎಂದು ರೆಕಾರ್ಡ್ ಪುಸ್ತಕದಲ್ಲಿ ಬರೆಯಬೇಕು. ಪರೀಕ್ಷೆಗೆ ಹೆಸರು ಕೊಟ್ಟ ಆರ್ಥರ್ ರೊಥೆರಾ ಮೆಲ್ಬರ್ನ್ ವಿಶ್ವವಿದ್ಯಾಲಯದಲ್ಲಿ ಜೀವರಸಾಯನಶಾಸ್ತ್ರ ಕಲಿಸುತ್ತಿದ್ದವರು. 1908ರಲ್ಲಿ ಅವರು ಪ್ರಕಟಿಸಿದ್ದು ಒಂದು ಚಿಕ್ಕ ಟಿಪ್ಪಣಿ, ಅಷ್ಟೆ. ಏಳು ವರ್ಷಗಳ ನಂತರ ಎಳೆಯ ವಯಸ್ಸಿನಲ್ಲೇ ತೀರಿಕೊಂಡರು.

ಅದೇ ನೈಟ್ರೊಪ್ರಸೈಡ್ ಇವತ್ತು ಒಂದು ಪ್ಲಾಸ್ಟಿಕ್ ಪಟ್ಟಿಯ ತುದಿಗೆ ಅಂಟಿಕೊಂಡು ಮೆಡಿಕಲ್ ಶಾಪಿನ ಕಪಾಟಿನಲ್ಲಿದೆ. ಕೊಳ್ಳುವವರಲ್ಲಿ ಸಕ್ಕರೆ ಕಾಯಿಲೆಯವರಿದ್ದಾರೆ, ಗರ್ಭಿಣಿಯರ ಮನೆಯವರಿದ್ದಾರೆ. ಈಚಿನ ವರ್ಷಗಳಲ್ಲಿ ಇನ್ನೊಂದು ಗುಂಪೂ ಸೇರಿಕೊಂಡಿದೆ. ಅನ್ನ, ಮುದ್ದೆ, ಚಪಾತಿ, ಬಾಳೆಹಣ್ಣು ಎಲ್ಲವನ್ನೂ ಬಿಟ್ಟು ಪನೀರ್, ಮೊಟ್ಟೆ, ತುಪ್ಪ, ತೆಂಗಿನೆಣ್ಣೆಗಳ ಮೇಲೆ ದಿನ ದೂಡುವ ಕೀಟೋ ಪಥ್ಯದವರು. ಪಟ್ಟಿ ನೇರಳೆಗೆ ತಿರುಗಿದರೆ ಅವರಿಗೆ ಅಂದಿನ ದಿನ ಗೆದ್ದ ಹಾಗೆ. ಬಣ್ಣ ತೆಳುವಾದರೆ ನಿನ್ನೆ ತಿಂದ ಯಾವ ತುತ್ತು ಕೈಕೊಟ್ಟಿತು ಎಂಬ ಲೆಕ್ಕಾಚಾರ. ಈ ಪಥ್ಯ ಹಿಡಿದವರು ಇನ್ನೊಂದು ಮಾತನ್ನೂ ಸೋಜಿಗದಿಂದ ಹೇಳುತ್ತಾರೆ: ‘ಮೊದಲ ವಾರ ಕಷ್ಟ, ಆಮೇಲೆ ಹಸಿವೇ ಆಗೋದಿಲ್ಲ.’ ಮೊದಲನೆಯದನ್ನು, ಎಂದರೆ ಕೀಟೋನನ್ನು, ಮನೆಯಲ್ಲೇ ಅಳೆಯಬಹುದು. ಎರಡನೆಯದನ್ನು, ಎಂದರೆ ಹಸಿವನ್ನು, ಅಳೆಯಲು ಹೊರಟ ವಿಜ್ಞಾನಿಗಳು ನೂರಕ್ಕೂ ಹೆಚ್ಚು ವರ್ಷಗಳಿಂದ ಒದ್ದಾಡುತ್ತಿದ್ದಾರೆ.

ಊಟದಲ್ಲಿ ಕಾರ್ಬೋಹೈಡ್ರೇಟ್ ದಿನಕ್ಕೆ 20ರಿಂದ 50 ಗ್ರಾಂ ಆಸುಪಾಸಿಗೆ ಇಳಿದಾಗ, ಇಲ್ಲವೇ ಊಟವೇ ನಿಂತಾಗ, ರಕ್ತದಲ್ಲಿ ಇನ್ಸುಲಿನ್ ತಗ್ಗುತ್ತದೆ. ಇನ್ಸುಲಿನ್ನಿನ ಕಾವಲು ಸಡಿಲವಾಗುತ್ತಲೇ ಕೊಬ್ಬಿನ ಕೋಶಗಳಿಂದ ಕೊಬ್ಬಿನಾಮ್ಲಗಳು ಹೊರಬಿದ್ದು ಲಿವರ್ ಸೇರುತ್ತವೆ. ಲಿವರ್ ಅವನ್ನು ಒಡೆದು ಮೂರು ಪದಾರ್ಥ ಮಾಡುತ್ತದೆ, ಇವೇ ಕೀಟೋನುಗಳು: ಅಸಿಟೋಅಸಿಟೇಟ್, ಬೀಟಾ ಹೈಡ್ರಾಕ್ಸಿಬ್ಯುಟಿರೇಟ್, ಮತ್ತು ಅಸಿಟೋನ್. ಮೊದಲನೆಯದರಿಂದಲೇ ಉಳಿದೆರಡೂ ಹುಟ್ಟುವುದು. ಲಿವರ್ ತಾನು ಮಾಡಿದ್ದನ್ನು ತಾನು ಬಳಸಲಾರದು. ಎಲ್ಲವನ್ನೂ ರಕ್ತಕ್ಕೆ ಬಿಡುತ್ತದೆ. ಹೃದಯ, ಸ್ನಾಯು, ಎಲ್ಲಕ್ಕಿಂತ ಮುಖ್ಯವಾಗಿ ಮೆದುಳು ಅದನ್ನು ಉರಿಸಿಕೊಳ್ಳುತ್ತವೆ.

ಮೆದುಳು ಗ್ಲೂಕೋಸ್ ಬಿಟ್ಟರೆ ಬೇರೇನನ್ನೂ ಮುಟ್ಟದು ಎಂದು 1960ರ ದಶಕದವರೆಗೂ ಪಾಠ ಹೇಳುತ್ತಿದ್ದರು. ಲೆಕ್ಕ ಮಾತ್ರ ಕೂಡಿಬರುತ್ತಿರಲಿಲ್ಲ. ಮೆದುಳಿಗೆ ದಿನಕ್ಕೆ ನೂರು ಗ್ರಾಮಿಗೂ ಹೆಚ್ಚು ಗ್ಲೂಕೋಸ್ ಬೇಕು. ಉಪವಾಸವಿದ್ದವನು ಅಷ್ಟನ್ನೂ ಸ್ನಾಯು ಕರಗಿಸಿ ಒದಗಿಸುವುದಾದರೆ ಕೆಲವೇ ವಾರಗಳಲ್ಲಿ ಸಾಯಬೇಕು. ಮನುಷ್ಯರು ಅದಕ್ಕಿಂತ ಬಹಳ ಹೆಚ್ಚು ಕಾಲ ಬದುಕಿ ತೋರಿಸಿದ್ದರು. ಬಾಸ್ಟನ್ನಿನಲ್ಲಿ ಜಾರ್ಜ್ ಕೇಹಿಲ್ ಮತ್ತು ಆಲಿವರ್ ಓವೆನ್ ಈ ಗಂಟನ್ನು ಬಿಚ್ಚಿದರು. ತೂಕ ಇಳಿಸಲೆಂದು ಆಸ್ಪತ್ರೆಯಲ್ಲಿ ಐದಾರು ವಾರ ಉಪವಾಸವಿದ್ದ ಮೂವರು ಸ್ಥೂಲಕಾಯರ ಮೆದುಳಿಗೆ ಹೋಗುವ ಮತ್ತು ಅಲ್ಲಿಂದ ಬರುವ ರಕ್ತವನ್ನು ನಳಿಕೆ ಹಾಕಿ ತೆಗೆದು ಹೋಲಿಸಿದರು. ಮೆದುಳಿನ ಶಕ್ತಿಯಲ್ಲಿ ಸುಮಾರು ಮೂರನೇ ಎರಡು ಪಾಲು ಕೀಟೋನಿನಿಂದ ಬರುತ್ತಿತ್ತು. 1967ರಲ್ಲಿ ಪ್ರಕಟವಾದ ಆ ಪ್ರಬಂಧದ ನಂತರ, ಕೀಟೋನ್ ಎಂದರೆ ರೋಗದ ಕಸ ಎಂಬ ಭಾವನೆ ಮೆಲ್ಲಗೆ ಕರಗಿತು.

ಪಥ್ಯ ಮಾತ್ರ ಅದಕ್ಕಿಂತ ಹಳೆಯದು, ಮತ್ತು ಅದು ಹುಟ್ಟಿದ್ದು ತೂಕ ಇಳಿಸುವುದಕ್ಕಲ್ಲ. ಉಪವಾಸವಿದ್ದಾಗ ಮೂರ್ಛೆರೋಗದ ಫಿಟ್ಸ್ ಕಡಿಮೆಯಾಗುತ್ತದೆಂಬುದು ಬಹಳ ಕಾಲದಿಂದ ಗೊತ್ತಿತ್ತು. ಆದರೆ ಮಗುವನ್ನು ಎಷ್ಟು ದಿನ ಉಪವಾಸ ಕೆಡವಲು ಸಾಧ್ಯ? 1921ರಲ್ಲಿ ಅಮೆರಿಕದ ಮೇಯೋ ಕ್ಲಿನಿಕ್ಕಿನ ರಸೆಲ್ ವೈಲ್ಡರ್ ಒಂದು ಉಪಾಯ ಹೇಳಿದರು. ಬಹುಪಾಲು ಕೊಬ್ಬು, ಬೆಳೆಯಲು ಬೇಕಾದಷ್ಟು ಪ್ರೋಟೀನ್, ಅತ್ಯಲ್ಪ ಕಾರ್ಬೋಹೈಡ್ರೇಟ್ ಕೊಟ್ಟರೆ ಹೊಟ್ಟೆ ತುಂಬಿದ್ದರೂ ದೇಹ ಉಪವಾಸದಲ್ಲೇ ಇದ್ದಂತೆ ನಡೆದುಕೊಳ್ಳುತ್ತದೆ ಎಂದು. 1938ರಲ್ಲಿ ಫೆನಿಟಾಯಿನ್ ಬಂತು. ಗುಳಿಗೆ ನುಂಗುವುದು ಬೆಣ್ಣೆ ತೂಗುವುದಕ್ಕಿಂತ ಸುಲಭ, ಪಥ್ಯ ಮೂಲೆ ಸೇರಿತು. ಅದಕ್ಕೆ ಮರುಜೀವ ಬಂದದ್ದು 1990ರ ದಶಕದಲ್ಲಿ. ಹಾಲಿವುಡ್ ನಿರ್ದೇಶಕ ಜಿಮ್ ಅಬ್ರಹಾಮ್ಸ್ ಅವರ ಪುಟ್ಟ ಮಗ ಚಾರ್ಲಿಗೆ ಯಾವ ಔಷಧವೂ ನಾಟದಿದ್ದಾಗ, ಜಾನ್ಸ್ ಹಾಪ್‌ಕಿನ್ಸ್ ಆಸ್ಪತ್ರೆಯಲ್ಲಿ ಈ ಪಥ್ಯದಿಂದ ಫಿಟ್ಸ್ ನಿಂತಿತು. ತಂದೆ ಮಗನ ಹೆಸರಲ್ಲಿ ಪ್ರತಿಷ್ಠಾನ ಕಟ್ಟಿದರು, 1997ರಲ್ಲಿ ಮೆರಿಲ್ ಸ್ಟ್ರೀಪ್ ನಟಿಸಿದ ಟಿ.ವಿ. ಚಿತ್ರವನ್ನೂ ತೆಗೆದರು. ಲಂಡನ್ನಿನ ವೈದ್ಯರು 145 ಮಕ್ಕಳನ್ನು ಚೀಟಿ ಎತ್ತಿದಂತೆ ಎರಡು ಗುಂಪು ಮಾಡಿ ನೋಡಿ 2008ರಲ್ಲಿ ಪ್ರಕಟಿಸಿದಂತೆ, ಪಥ್ಯದ ಗುಂಪಿನ ಶೇ 38 ಮಕ್ಕಳಲ್ಲಿ ಫಿಟ್ಸ್ ಅರ್ಧಕ್ಕಿಂತ ಕೆಳಗಿಳಿಯಿತು. ಇನ್ನೊಂದು ಗುಂಪಿನಲ್ಲಿ ಇದು ಶೇ 6 ಮಾತ್ರ.

ಭಾರತದಲ್ಲೂ ಇದು ನಡೆದಿದೆ. ದೆಹಲಿಯ ಏಮ್ಸ್‌ನಲ್ಲಿ 102 ಮಕ್ಕಳ ಮೇಲೆ ಪಥ್ಯದ ತುಸು ಸಡಿಲ ರೂಪವನ್ನು ಪರೀಕ್ಷಿಸಿ 2013ರಲ್ಲಿ ಪ್ರಕಟಿಸಿದರು. ಮೂರು ತಿಂಗಳಲ್ಲಿ ಪಥ್ಯದ ಗುಂಪಿನ ಅರ್ಧದಷ್ಟು ಮಕ್ಕಳಿಗೆ ಗಣನೀಯ ಉಪಶಮನ ಸಿಕ್ಕಿತು. ದೆಹಲಿಯ ವೈದ್ಯರು ಆಮೇಲೆ ಮಾಡಿದ ಇನ್ನೊಂದು ಕೆಲಸ ಮೆಚ್ಚುವಂಥದ್ದು. ಹೆಚ್ಚು ಓದು ಬರಹ ಇಲ್ಲದ ತಂದೆ ತಾಯಿಗಳಿಗೂ ಕೈಗೂಡುವಂತೆ ಪಥ್ಯವನ್ನು ಸರಳ ಮಾಡಿದರು.

ಮೂರ್ಛೆರೋಗದ ಚಿಕಿತ್ಸೆಯಲ್ಲಿ ಅಳತೆ ಎಂದರೆ ಹುಡುಗಾಟವಲ್ಲ. ಜಾನ್ಸ್ ಹಾಪ್‌ಕಿನ್ಸ್ ತಂಡ 2000ದಲ್ಲಿ ತೋರಿಸಿದಂತೆ, ಫಿಟ್ಸ್ ಹತೋಟಿಗೆ ಬರುವುದಕ್ಕೂ ರಕ್ತದ ಕೀಟೋನ್ ಮಟ್ಟಕ್ಕೂ ನಂಟಿತ್ತು, ಲೀಟರಿಗೆ 4 ಮಿಲಿಮೋಲ್ ದಾಟಿದ ಮಕ್ಕಳಲ್ಲಿ ಫಲ ಹೆಚ್ಚು. ಮೂತ್ರದ ಪಟ್ಟಿ ಈ ವ್ಯತ್ಯಾಸವನ್ನು ಅಷ್ಟು ಚೆನ್ನಾಗಿ ಹಿಡಿಯಲಿಲ್ಲ.

ಯಾಕೆ ಹಿಡಿಯಲಿಲ್ಲ ಎಂಬುದು ರೊಥೆರಾ ಟ್ಯೂಬಿನಷ್ಟೇ ಹಳೆಯ ಸಂಗತಿ. ನೈಟ್ರೊಪ್ರಸೈಡ್ ನೇರಳೆಯಾಗುವುದು ಅಸಿಟೋಅಸಿಟೇಟಿಗೆ, ಸ್ವಲ್ಪ ಮಟ್ಟಿಗೆ ಅಸಿಟೋನಿಗೆ. ರಕ್ತದಲ್ಲಿ ಅತಿ ಹೆಚ್ಚಿರುವ ಬೀಟಾ ಹೈಡ್ರಾಕ್ಸಿಬ್ಯುಟಿರೇಟನ್ನು ಅದು ಗುರುತಿಸುವುದೇ ಇಲ್ಲ. ಜತೆಗೆ ಮೂತ್ರ ಹೇಳುವುದು ಕೆಲವು ಗಂಟೆಗಳ ಹಿಂದಿನ ಕಥೆ. ನೀರು ಕಡಿಮೆ ಕುಡಿದರೆ ಬಣ್ಣ ಗಾಢ, ಎರಡು ಚೊಂಬು ಕುಡಿದರೆ ತೆಳು. ರಕ್ತದೊತ್ತಡಕ್ಕೆ ಕೊಡುವ ಕ್ಯಾಪ್ಟೊಪ್ರಿಲ್‌ನಂಥ ಮಾತ್ರೆ ಸುಳ್ಳೇ ನೇರಳೆ ತೋರಿಸಬಲ್ಲದು. ಪಥ್ಯ ಹಿಡಿದು ವಾರಗಳು ಕಳೆದಂತೆ ಮೂತ್ರಪಿಂಡ ಕೀಟೋನನ್ನು ಹೆಚ್ಚು ಹೆಚ್ಚು ಉಳಿಸಿಕೊಳ್ಳುವುದರಿಂದ, ಎಲ್ಲವನ್ನೂ ಸರಿಯಾಗಿ ಮಾಡುತ್ತಿರುವವರ ಪಟ್ಟಿಯೂ ಮಂಕಾಗುತ್ತದೆ. ಹಾಗೆ ಮಂಕಾದದ್ದನ್ನು ಕಂಡು ಗಾಬರಿಯಾಗಿ ತುಪ್ಪದ ಚಮಚ ಹೆಚ್ಚಿಸುವವರಿದ್ದಾರೆ. ಪಟ್ಟಿಯ ಈ ದೋಷ ಆಸ್ಪತ್ರೆಯಲ್ಲಿ ಇನ್ನೂ ವಿಚಿತ್ರ ರೂಪ ತಾಳುತ್ತದೆ. ಮಧುಮೇಹಿಗಳಲ್ಲಿ ಕೀಟೋನ್ ಮಿತಿಮೀರಿ ರಕ್ತ ಆಮ್ಲವಾಗುವ ಡಯಾಬಿಟಿಕ್ ಕೀಟೋಅಸಿಡೋಸಿಸ್ ಆದವರಿಗೆ ಇನ್ಸುಲಿನ್ ಕೊಟ್ಟು ಚೇತರಿಕೆ ಶುರುವಾದಾಗ, ಬೀಟಾ ಹೈಡ್ರಾಕ್ಸಿಬ್ಯುಟಿರೇಟ್ ಮರಳಿ ಅಸಿಟೋಅಸಿಟೇಟ್ ಆಗುತ್ತದೆ. ಆಗ ಮೂತ್ರದ ಬಣ್ಣ ಇನ್ನಷ್ಟು ಗಾಢವಾಗುತ್ತದೆ. ರೋಗಿ ಸುಧಾರಿಸುತ್ತಿರುತ್ತಾನೆ, ಪಟ್ಟಿ ಕೆಟ್ಟಿತು ಅನ್ನುತ್ತಿರುತ್ತದೆ.

ಬೆರಳು ಚುಚ್ಚಿ ನೋಡುವ ಮೀಟರ್ ಈ ದೋಷದಿಂದ ದೂರ. ಅದು ಅಳೆಯುವುದು ಬೀಟಾ ಹೈಡ್ರಾಕ್ಸಿಬ್ಯುಟಿರೇಟನ್ನೇ. ಅದರ ತೊಂದರೆ ಬೆಲೆ: ಗ್ಲೂಕೋಸ್ ಸ್ಟ್ರಿಪ್ಪಿಗಿಂತ ಕೀಟೋನ್ ಸ್ಟ್ರಿಪ್ ಹಲವು ಪಟ್ಟು ದುಬಾರಿ. ಮೂರನೆಯ ದಾರಿ ಉಸಿರು. ಕೀಟೋ ಪಥ್ಯದವರ ಬಾಯಿಂದ ಬರುವ, ಮಾಗಿದ ಹಣ್ಣು ಅಥವಾ ನೈಲ್ ಪಾಲಿಶ್ ಒರೆಸುವ ದ್ರವದಂಥ ವಾಸನೆ ಅಸಿಟೋನಿನದು, ಅದನ್ನೇ ಅಳೆಯುವ ಊದುಯಂತ್ರಗಳಿವೆ. ಚುಚ್ಚುವ ನೋವಿಲ್ಲ, ನಿಖರತೆ ಯಂತ್ರದಿಂದ ಯಂತ್ರಕ್ಕೆ ಬೇರೆ.

ಅಳೆಯುವ ಹೊತ್ತೂ ಮುಖ್ಯ. ಜರ್ಮನಿಯ ಫ್ರೈಬರ್ಗ್‌ನಲ್ಲಿ ಪಥ್ಯ ಹಿಡಿದ 12 ಆರೋಗ್ಯವಂತರನ್ನು ಒಂದಿಡೀ ಹಗಲು-ರಾತ್ರಿ ಪರೀಕ್ಷಿಸಿ 2016ರಲ್ಲಿ ಪ್ರಕಟಿಸಿದರು. ಒಂದೇ ವ್ಯಕ್ತಿ, ಒಂದೇ ಊಟ, ಆದರೂ ಅಂಕಿ ಗಂಟೆಗಂಟೆಗೆ ಏರಿಳಿಯುತ್ತಿತ್ತು: ಬೆಳಗ್ಗೆ ಹತ್ತರ ಸುಮಾರಿಗೆ ಕೆಳಗೆ, ರಾತ್ರಿ ಊಟವಾಗಿ ಹಲವು ತಾಸಿನ ಮೇಲೆ ಮತ್ತು ನಸುಕಿಗೆ ಮೇಲೆ. ಆಫೀಸಿಗೆ ಹೋದ ಮೇಲೆ ಚುಚ್ಚಿ ನೋಡುವವನೂ ಮಲಗುವ ಮುಂಚೆ ಚುಚ್ಚಿ ನೋಡುವವನೂ ತಮ್ಮ ತಮ್ಮ ಅಂಕಿ ಹೋಲಿಸಿಕೊಂಡು ಒಬ್ಬ ಬೀಗುವುದು ಇನ್ನೊಬ್ಬ ಬಾಡುವುದು ಅರ್ಥವಿಲ್ಲದ ಮಾತು.

ಇನ್ನು ಅಂಕಿಗಳ ಅರ್ಥ. ದಿನಕ್ಕೆ ಮೂರು ಹೊತ್ತು ಅನ್ನ ಉಣ್ಣುವವರಲ್ಲಿ ಕೀಟೋನ್ ಲೀಟರಿಗೆ 0.3 ಮಿಲಿಮೋಲ್ ದಾಟುವುದು ಅಪರೂಪ. ಸ್ಟೀಫನ್ ಫಿನ್ನಿ ಮತ್ತು ಜೆಫ್ ವೋಲೆಕ್ ಎಂಬ ಅಮೆರಿಕದ ಸಂಶೋಧಕರು ಜನಪ್ರಿಯಗೊಳಿಸಿದ ಪಥ್ಯದ ಕೀಟೋಸಿಸ್, ಎಂದರೆ ರಕ್ತದಲ್ಲಿ ಕೀಟೋನ್ ಏರಿದ ಸ್ಥಿತಿ, 0.5ರಿಂದ 3ರವರೆಗೆ. ವಾರಗಟ್ಟಲೆ ಉಪವಾಸವಿದ್ದರೆ 5ರಿಂದ 7ರ ಆಸುಪಾಸು. ಅವಲಕ್ಕಿ, ಸಬ್ಬಕ್ಕಿ, ಬಾಳೆಹಣ್ಣಿನ ಏಕಾದಶಿ ಈ ಲೆಕ್ಕಕ್ಕೆ ಬರುವುದಿಲ್ಲ. ಅದರಲ್ಲಿ ಕಾರ್ಬೋಹೈಡ್ರೇಟಿಗೆ ಕೊರತೆಯೇ ಇಲ್ಲ. ಇನ್ಸುಲಿನ್ ಪೂರ್ತಿ ಬತ್ತಿದ ಮಧುಮೇಹಿಯಲ್ಲಿ ಇದೇ ಅಂಕಿ 10 ದಾಟಿ, 20ರ ಕಡೆಗೂ ಏರಿ ರಕ್ತವನ್ನು ಆಮ್ಲವಾಗಿಸುತ್ತದೆ. ಅಣು ಒಂದೇ. ಆರೋಗ್ಯವಂತರಲ್ಲಿ ಕೀಟೋನ್ ಏರಿದರೆ ಅದೇ ತುಸು ಇನ್ಸುಲಿನ್ ಹೊರಡಿಸಿ ತನಗೆ ತಾನೇ ಕಡಿವಾಣ ಹಾಕಿಕೊಳ್ಳುತ್ತದೆ. ಆ ಕಡಿವಾಣ ಇಲ್ಲದವರಲ್ಲಿ ಅದು ಕೊಲ್ಲುತ್ತದೆ.

ಹಾಗಾದರೆ ಹಸಿವು?

1912ರಲ್ಲಿ ಹಾರ್ವರ್ಡ್‌ನಲ್ಲಿ ಆರ್ಥರ್ ವಾಶ್‌ಬರ್ನ್ ಎಂಬ ಯುವಕ ತನ್ನ ಗುರು ವಾಲ್ಟರ್ ಕ್ಯಾನನ್‌ಗಾಗಿ ರಬ್ಬರ್ ಬಲೂನು ನುಂಗಿದ. ಬಲೂನಿಗೆ ಕಟ್ಟಿದ ನಳಿಕೆ ಬಾಯಿಂದ ಹೊರಬಂದು ಒಂದು ದಾಖಲೆ ಯಂತ್ರಕ್ಕೆ ಸೇರಿತ್ತು. ಹೊಟ್ಟೆ ಹಿಂಡಿದಾಗಲೆಲ್ಲ ಗೆರೆ ಮೇಲೇಳುತ್ತಿತ್ತು. ಹಸಿವೆನಿಸಿದಾಗಲೆಲ್ಲ ವಾಶ್‌ಬರ್ನ್ ಒಂದು ಗುಂಡಿ ಒತ್ತುತ್ತಿದ್ದ. ಎರಡೂ ಹೊಂದಿದವು. ಹಸಿವು ಹೊಟ್ಟೆಯ ಹಿಂಡುವಿಕೆ ಎಂದು ಗುರು-ಶಿಷ್ಯರು ತೀರ್ಮಾನಿಸಿದರು. ಆಮೇಲೆ ಹೊಟ್ಟೆಯನ್ನೇ ಶಸ್ತ್ರಚಿಕಿತ್ಸೆಯಲ್ಲಿ ತೆಗೆದುಹಾಕಿದವರಿಗೂ ಹಸಿವಾಗುವುದು ಕಂಡು ಆ ತೀರ್ಮಾನ ಕುಸಿಯಿತು. ಆದರೂ ಹೊಟ್ಟೆ ಪೂರ್ತಿ ನಿರಪರಾಧಿಯಾಗಿರಲಿಲ್ಲ. 1999ರಲ್ಲಿ ಜಪಾನಿನ ಮಸಯಾಸು ಕೊಜಿಮಾ ಮತ್ತು ಕೆಂಜಿ ಕಂಗಾವಾ ಹೊಟ್ಟೆಯ ಒಳಪದರದಿಂದಲೇ ಹೊರಡುವ ಒಂದು ಹಾರ್ಮೋನನ್ನು ಪತ್ತೆಹಚ್ಚಿದರು. ಅದಕ್ಕೆ ಗ್ರೆಲಿನ್ ಎಂದು ಹೆಸರಿಟ್ಟರು. ಊಟಕ್ಕೆ ಮುಂಚೆ ಏರಿ, ಉಂಡ ಮೇಲೆ ಇಳಿಯುವ, ಚುಚ್ಚಿದರೆ ಮನುಷ್ಯ ಹೆಚ್ಚು ತಿನ್ನುವಂತೆ ಮಾಡುವ ಹಾರ್ಮೋನ್ ಅದು. ಅದಕ್ಕೂ ಐದು ವರ್ಷ ಮೊದಲು ನ್ಯೂಯಾರ್ಕಿನಲ್ಲಿ ಜೆಫ್ರಿ ಫ್ರೀಡ್‌ಮನ್ ಲೆಪ್ಟಿನ್ ಕಂಡುಹಿಡಿದಿದ್ದರು: ಕೊಬ್ಬಿನ ಕೋಶಗಳೇ ಮೆದುಳಿಗೆ ಕಳಿಸುವ ದಾಸ್ತಾನು ವರದಿ. ಇವೆರಡರ ಜತೆ ಕರುಳಿನಿಂದ ಹೊರಡುವ, ‘ಸಾಕು’ ಎನ್ನುವ ಸಂದೇಶಗಳ ದಂಡೇ ಇದೆ: ಸಿಸಿಕೆ, ಪಿವೈವೈ, ಜಿಎಲ್‌ಪಿ-1. ಈಗ ವಾರಕ್ಕೊಮ್ಮೆ ಚುಚ್ಚಿಕೊಳ್ಳುವ ತೂಕದ ಔಷಧಗಳು ನಕಲು ಮಾಡುವುದು ಈ ಕೊನೆಯದನ್ನೇ.

ತೂಕ ಇಳಿಸಿದವರ ಕಷ್ಟ ಈ ಹಾರ್ಮೋನುಗಳಲ್ಲೇ ಬರೆದಿದೆ. 2002ರಲ್ಲಿ ಸಿಯಾಟಲ್‌ನ ಡೇವಿಡ್ ಕಮಿಂಗ್ಸ್ ತಂಡ, ಆರು ತಿಂಗಳ ಪಥ್ಯದಲ್ಲಿ ಶೇ 17ರಷ್ಟು ತೂಕ ಇಳಿಸಿದವರ ಗ್ರೆಲಿನ್ನನ್ನು ಇಪ್ಪತ್ನಾಲ್ಕು ಗಂಟೆ ಅಳೆಯಿತು. ಅದು ಶೇ 24ರಷ್ಟು ಏರಿತ್ತು. ಇನ್ನೂ ಕಳವಳ ತಂದದ್ದು 2011ರ ಅಧ್ಯಯನ. ಪ್ರಿಯಾ ಸುಮಿತ್ರನ್ ಮತ್ತು ಜೋಸೆಫ್ ಪ್ರೊಯೆಟ್ಟೊ ಅವರ ಆ ಕೆಲಸ ನಡೆದದ್ದು ರೊಥೆರಾ ಪಾಠ ಹೇಳಿದ ಮೆಲ್ಬರ್ನ್‌ನಲ್ಲೇ. 50 ಜನ ಹತ್ತು ವಾರ ಅತಿ ಕಡಿಮೆ ಕ್ಯಾಲೊರಿಯ ಆಹಾರದಲ್ಲಿ ಸರಾಸರಿ 13.5 ಕಿಲೋ ಇಳಿಸಿದರು. ವರ್ಷದ ನಂತರ ಕರೆಸಿ ನೋಡಿದರೆ ತೂಕದಲ್ಲಿ ಒಂದು ಪಾಲು ಮರಳಿತ್ತು. ಹಾರ್ಮೋನುಗಳು ಮಾತ್ರ ಪಥ್ಯ ಮುಗಿಸಿದ ದಿನದ ಕಡೆಗೇ ವಾಲಿಕೊಂಡಿದ್ದವು. ಲೆಪ್ಟಿನ್ ಕೆಳಗೆ, ಗ್ರೆಲಿನ್ ಮೇಲೆ, ಹಸಿವು ಹೆಚ್ಚು. ಇಳಿಸಿದ ತೂಕವನ್ನು ಮರಳಿ ಪಡೆಯುವವರಿಗೆ ‘ಬಾಯಿ ಚಪಲ’ ಎಂಬ ಹಣೆಪಟ್ಟಿ ಕಟ್ಟುವ ಮನೆಯ ಹಿರಿಯರೂ ಕೆಲವು ಡಾಕ್ಟರುಗಳೂ ಈ ಅಧ್ಯಯನವನ್ನೊಮ್ಮೆ ಓದಬೇಕು.

ಅದೇ ತಂಡ 2013ರಲ್ಲಿ ಕೇಳಿದ ಮುಂದಿನ ಪ್ರಶ್ನೆಯೇ ಕೀಟೋ ಪಥ್ಯದವರಿಗೆ ನೇರ ಸಂಬಂಧಿಸಿದ್ದು. 39 ಜನ ಎಂಟು ವಾರ ಕೀಟೋಸಿಸ್ ತರುವಂಥ ಅಲ್ಪಾಹಾರದಲ್ಲಿದ್ದು ಶೇ 13ರಷ್ಟು ತೂಕ ಕಳೆದುಕೊಂಡರು. ಅಷ್ಟು ಇಳಿದರೆ ಗ್ರೆಲಿನ್ ಏರಬೇಕಿತ್ತು, ಹಸಿವು ಕೆರಳಬೇಕಿತ್ತು. ಕೀಟೋಸಿಸ್‌ನಲ್ಲಿ ಇರುವವರೆಗೂ ಎರಡೂ ಆಗಲಿಲ್ಲ. ಆಮೇಲೆ ಎರಡು ವಾರ ಮಾಮೂಲಿ ಆಹಾರ ಸೇರಿಸಿದರು, ಕೀಟೋನ್ ಇಳಿಯಿತು, ತೂಕ ಹೆಚ್ಚುಕಡಿಮೆ ಅಲ್ಲೇ ಇತ್ತು. ಗ್ರೆಲಿನ್ನೂ ಹಸಿವೂ ಏರಿದವು. ನಾರ್ವೆಯ ಟ್ರಾಂಡ್‌ಹೈಮ್‌ನಲ್ಲಿ ಕ್ಯಾಟಿಯಾ ಮಾರ್ಟಿನ್ಸ್ ತಂಡ 2017ರಲ್ಲಿ ಪ್ರಕಟಿಸಿದ್ದೂ ಇದೇ ಜಾಡಿನದು. ಪಥ್ಯದ ಮೊದಲ ದಿನಗಳಲ್ಲಿ ಹಸಿವು ಹೆಚ್ಚು, ಕೀಟೋಸಿಸ್ ನೆಲೆಗೊಂಡ ಮೇಲೆ ಶಮನ, ಬಿಟ್ಟ ಮೇಲೆ ಮತ್ತೆ ಏರಿಕೆ. ‘ಮೊದಲ ವಾರ ಕಷ್ಟ’ ಎಂಬ ಮಾತಿಗೆ ಇದು ಪುರಾವೆ.

ಹಸಿವನ್ನು ಹಿಡಿದಿಟ್ಟದ್ದು ಕೀಟೋನೇ ಎನ್ನಲು ಆಕ್ಸ್‌ಫರ್ಡ್‌ನ ಇನ್ನೊಂದು ಪ್ರಯೋಗ ಆಸರೆ. ರಾತ್ರಿಯಿಡೀ ಏನೂ ತಿನ್ನದ 15 ಜನರಿಗೆ ಒಂದು ಸಲ ಕೀಟೋನ್ ಎಸ್ಟರ್ ಎಂಬ ಪಾನೀಯವನ್ನೂ ಇನ್ನೊಂದು ಸಲ ಅಷ್ಟೇ ಕ್ಯಾಲೊರಿಯ ಗ್ಲೂಕೋಸನ್ನೂ ಕುಡಿಸಿದರು. ಕೀಟೋನ್ ಕುಡಿದಾಗ ಗ್ರೆಲಿನ್ ಹೆಚ್ಚು ಹೊತ್ತು ತಗ್ಗಿತ್ತು, ಹಸಿವೂ ತಿನ್ನುವ ಆಸೆಯೂ ಕಡಿಮೆಯಿದ್ದವು. ಪಥ್ಯವಿಲ್ಲ, ತೂಕ ಇಳಿದಿಲ್ಲ, ಕೊಬ್ಬು ತಿಂದಿಲ್ಲ, ಅಣು ಮಾತ್ರ ಇತ್ತು. 2018ರಲ್ಲಿ ಪ್ರಕಟವಾದ ಈ ಪ್ರಯೋಗ ಕೆಲವೇ ಗಂಟೆಗಳದು. ತಿಂಗಳುಗಟ್ಟಲೆ ಕುಡಿದರೆ ಏನಾದೀತೆಂದು ಅದರಿಂದ ಹೇಳಲಾಗದು.

ಇಲ್ಲಿಗೆ ಕಥೆ ಮುಗಿದಿದ್ದರೆ ಎಷ್ಟು ಚೆನ್ನಾಗಿತ್ತು. ಕೀಟೋನ್ ಏರಿತು, ಗ್ರೆಲಿನ್ ತಗ್ಗಿತು, ಹಸಿವು ಅಡಗಿತು, ತುತ್ತು ಕಡಿಮೆಯಾಯಿತು. ಈ ಸರಪಳಿಯ ಕೊನೆಯ ಕೊಂಡಿಯನ್ನು ಅಲುಗಾಡಿಸಿದವರು ಆಗ ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಯಲ್ಲಿದ್ದ ಕೆವಿನ್ ಹಾಲ್. ಅವರದು ಹಟದ ವಿಧಾನ: ಜನ ಮನೆಯಲ್ಲಿ ತಿಂದದ್ದನ್ನು ಬರೆದುಕೊಟ್ಟರೆ ನಂಬುತ್ತಿರಲಿಲ್ಲ, ಆಸ್ಪತ್ರೆಯೊಳಗೇ ಇರಿಸಿಕೊಂಡು ಪ್ರತಿ ತಟ್ಟೆಯನ್ನೂ ಬಡಿಸುವ ಮುಂಚೆ ಮತ್ತು ತಿಂದ ಮೇಲೆ ತೂಗುತ್ತಿದ್ದರು. 20 ಜನ ನಾಲ್ಕು ವಾರ ಅಲ್ಲೇ ಇದ್ದರು. ಎರಡು ವಾರ ಶೇ 75ಕ್ಕೂ ಹೆಚ್ಚು ಕ್ಯಾಲೊರಿ ಕೊಬ್ಬಿನಿಂದ ಬರುವ ಮಾಂಸಾಹಾರಿ ಕೀಟೋ ಊಟ, ಎರಡು ವಾರ ಶೇ 75ರಷ್ಟು ಕಾರ್ಬೋಹೈಡ್ರೇಟ್ ಇರುವ, ಕೊಬ್ಬು ಬಹಳ ಕಡಿಮೆಯ ಸಸ್ಯಾಹಾರ. ಬೇಕಾದಷ್ಟು ತಿನ್ನಿ ಎಂದು ಬಿಟ್ಟರು. 2021ರಲ್ಲಿ ಬಂದ ಫಲಿತಾಂಶ ಕೀಟೋ ಪಾಳಯಕ್ಕೆ ಕಹಿಯಾಗಿತ್ತು. ಸಸ್ಯಾಹಾರದ ವಾರಗಳಲ್ಲಿ ಅವರು ದಿನಕ್ಕೆ 689 ಕ್ಯಾಲೊರಿ ಕಡಿಮೆ ತಿಂದಿದ್ದರು. ಹಸಿವು ಎಷ್ಟಿತ್ತು, ಹೊಟ್ಟೆ ತುಂಬಿತೇ ಎಂದು ಕೇಳಿದರೆ ಎರಡೂ ಊಟಗಳಿಗೆ ಒಂದೇ ಉತ್ತರ ಕೊಟ್ಟಿದ್ದರು.

ಅವರ ರಕ್ತದ ಮಾದರಿಗಳನ್ನು ಇದೇ ತಂಡ ಆಮೇಲೆ ಮತ್ತೆ ಕೆದಕಿತು. ಕೀಟೋ ಊಟದ ನಂತರ ಜಿಎಲ್‌ಪಿ-1 ಮತ್ತು ಪಿವೈವೈ ಹೆಚ್ಚಿದ್ದವು, ಗ್ರೆಲಿನ್ ಕಡಿಮೆಯಿತ್ತು. ಪುಸ್ತಕದ ಪ್ರಕಾರ ಹಸಿವು ಅಡಗಿಸುವ ಲಕ್ಷಣಗಳೆಲ್ಲ ಸರಿಯಾದ ದಿಕ್ಕಿನಲ್ಲೇ ಇದ್ದವು. ಮುಂದಿನ ಊಟದಲ್ಲಿ ಅವರು ತಿಂದದ್ದು ಮಾತ್ರ ಹೆಚ್ಚು. ಕಾರಣ ಬಹುಶಃ ಸಾದಾ ಸೀದಾ: ಕೀಟೋ ಊಟದ ಪ್ರತಿ ಗ್ರಾಮಿನಲ್ಲಿ ಕ್ಯಾಲೊರಿ ಇನ್ನೊಂದರ ಸುಮಾರು ಎರಡರಷ್ಟಿತ್ತು. ಹೊಟ್ಟೆ ತುಂಬುವಷ್ಟು ತಿಂದರೆ ಎರಡರಷ್ಟು ಶಕ್ತಿ ಒಳಗೆ ಹೋಗಿರುತ್ತದೆ. ಹಾರ್ಮೋನುಗಳನ್ನು ಓದಿ ಮನುಷ್ಯ ಎಷ್ಟು ತಿಂದಾನೆಂದು ಹೇಳುವ ಆಸೆಗೆ ಇದು ದೊಡ್ಡ ಪೆಟ್ಟು. ಕೀಟೋ ಪರ ವಾದಿಸುವವರ ಆಕ್ಷೇಪಕ್ಕೂ ಬಲವಿಲ್ಲದಿಲ್ಲ: ಎರಡು ವಾರ ತೀರಾ ಕಡಿಮೆ, ಎರಡನೆಯ ವಾರಕ್ಕೆ ಬರುವಾಗ ಕೀಟೋ ಊಟದಲ್ಲೂ ಜನ ಮೊದಲ ವಾರಕ್ಕಿಂತ ದಿನಕ್ಕೆ 300ರಷ್ಟು ಕ್ಯಾಲೊರಿ ಕಡಿಮೆ ಮಾಡಿದ್ದರು. ಸುಮಿತ್ರನ್ ಅವರ ಅಧ್ಯಯನವನ್ನೂ ಹಾಲ್ ಅವರದನ್ನೂ ಎದುರುಬದುರು ನಿಲ್ಲಿಸಬೇಕಿಲ್ಲ. ಒಂದರಲ್ಲಿ ತಟ್ಟೆಯನ್ನು ವೈದ್ಯರು ಕಟ್ಟಿಹಾಕಿದ್ದರು, ಇನ್ನೊಂದರಲ್ಲಿ ಬಿಚ್ಚಿಬಿಟ್ಟಿದ್ದರು. ಕಡಿಮೆ ಉಣ್ಣಲೇಬೇಕಾದವರಿಗೆ ಕೀಟೋಸಿಸ್ ಆ ಶಿಕ್ಷೆಯನ್ನು ಸಹ್ಯ ಮಾಡುತ್ತದೆ; ಬೇಕಾದಷ್ಟು ಉಣ್ಣುವವರ ಕೈಯನ್ನು ಅದು ಹಿಡಿಯುತ್ತದೆಂಬ ಭರವಸೆ ಇಲ್ಲ.

ಈ ಅಧ್ಯಯನಗಳಲ್ಲೆಲ್ಲ ಹಸಿವನ್ನು ಅಳೆದದ್ದು ಯಾವುದರಿಂದ ಎಂದರೆ ನಗು ಬಂದೀತು. ಕಾಗದದ ಮೇಲೆ ಎಳೆದ ಹತ್ತು ಸೆಂಟಿಮೀಟರ್ ಗೆರೆ. ಎಡತುದಿಯಲ್ಲಿ ‘ಹಸಿವೇ ಇಲ್ಲ’, ಬಲತುದಿಯಲ್ಲಿ ‘ಇನ್ನಿಲ್ಲದ ಹಸಿವು’. ನಡುವೆ ಎಲ್ಲಿದ್ದೀರೆಂದು ಪೆನ್ನಿನಲ್ಲಿ ಗೀಟು ಹಾಕಬೇಕು. ಈಗ ಮೊಬೈಲಿನಲ್ಲೂ ಮಾಡಿಸುತ್ತಾರೆ, ವಿಧಾನ ಅದೇ. ವಾಶ್‌ಬರ್ನ್ ಒತ್ತಿದ ಗುಂಡಿಗಿಂತ ಇದು ಬಹಳ ಮುಂದೆ ಹೋಗಿಲ್ಲ. ಹಾಗಿರುವಾಗ ಗ್ರೆಲಿನ್ ರಕ್ತಪರೀಕ್ಷೆ ಮಾಡಿಸಿ ತನ್ನ ಹಸಿವಿನ ಗುಟ್ಟು ತಿಳಿಯಬಹುದೇ ಎಂದು ಕೇಳುವವರಿಗೆ ಉತ್ತರ: ಬೇಡ. ಕೆಲಸ ಮಾಡುವ ರೂಪದ ಗ್ರೆಲಿನ್ ರಕ್ತ ತೆಗೆದ ಕೆಲವೇ ಹೊತ್ತಿನಲ್ಲಿ ಒಡೆದುಹೋಗುತ್ತದೆ. ಸಂಶೋಧಕರು ಟ್ಯೂಬಿಗೆ ಮುಂಚೆಯೇ ರಕ್ಷಕ ರಾಸಾಯನಿಕ ಹಾಕಿ, ಮಂಜುಗಡ್ಡೆಯಲ್ಲಿಟ್ಟು, ತಕ್ಷಣ ಬೇರ್ಪಡಿಸುತ್ತಾರೆ. ಅಷ್ಟೆಲ್ಲ ಮಾಡಿದರೂ ಒಂದು ಅಂಕಿಯಿಂದ ಏನೂ ತಿಳಿಯದು. ಊಟದ ಹಿಂದೆ ಮುಂದೆ ಗಂಟೆಗಟ್ಟಲೆ ಸರಣಿಯಾಗಿ ತೆಗೆದರೆ ಮಾತ್ರ ಚಿತ್ರ ಮೂಡೀತು.

ಕೀಟೋನ್ ಮೀಟರಿನ ಅಂಕಿ ಹೆಚ್ಚಾದಷ್ಟೂ ಕೊಬ್ಬು ಹೆಚ್ಚು ಕರಗುತ್ತದೆಯೇ? ಈ ನಂಬಿಕೆ ಬಲು ಗಟ್ಟಿ, ಆಧಾರ ಮಾತ್ರ ತೆಳು. ತೆಂಗಿನೆಣ್ಣೆಯಲ್ಲಿರುವ ಮಧ್ಯಮ ಸರಪಳಿಯ ಕೊಬ್ಬು ಲಿವರ್ ಸೇರಿ ಬೇಗ ಕೀಟೋನ್ ಆಗುತ್ತದೆ. ಕಾಫಿಗೆ ಎರಡು ಚಮಚ ಸುರಿದುಕೊಂಡರೆ ಮೀಟರ್ ಏರುತ್ತದೆ, ಏರಿದ್ದು ತಟ್ಟೆಯ ಕೊಬ್ಬಿನಿಂದ. ಸೊಂಟದ ಕೊಬ್ಬು ಇದ್ದಲ್ಲೇ ಇರುತ್ತದೆ. ಅಮೆರಿಕದ ಇಂಡಿಯಾನಾದಲ್ಲಿ ಸಾರಾ ಹಾಲ್‌ಬರ್ಗ್ ತಂಡ 262 ಮಧುಮೇಹಿಗಳನ್ನು ಒಂದು ವರ್ಷ ಈ ಪಥ್ಯದಲ್ಲಿರಿಸಿ, ಮನೆಯಲ್ಲೇ ಬೆರಳು ಚುಚ್ಚಿ ಕೀಟೋನ್ ನೋಡಿಕೊಳ್ಳುವಂತೆ ಮಾಡಿ 2018ರಲ್ಲಿ ವರದಿ ಕೊಟ್ಟಿತು. ವರ್ಷದ ಕೊನೆಗೆ ಸರಾಸರಿ ಕೀಟೋನ್ 0.3ರ ಆಸುಪಾಸು. ‘ಕೀಟೋಸಿಸ್’ ಎಂಬ ಗೆರೆಯನ್ನೂ ಮುಟ್ಟದ ಅಂಕಿ ಅದು. ಹಾಗಿದ್ದೂ ತೂಕ ಸರಾಸರಿ 13.8 ಕಿಲೋ ಇಳಿದಿತ್ತು, ಮೂರು ತಿಂಗಳ ಸಕ್ಕರೆಯ ಸರಾಸರಿ ಹೇಳುವ ಎಚ್‌ಬಿಎ1ಸಿ 7.6ರಿಂದ 6.3ಕ್ಕೆ ಬಂದಿತ್ತು. ಚೀಟಿ ಎತ್ತಿ ಗುಂಪು ಮಾಡದ, ಸ್ವಇಚ್ಛೆಯಿಂದ ಬಂದವರ ಅಧ್ಯಯನವಾದ್ದರಿಂದ ಪೂರ್ತಿ ನೆಚ್ಚುವಂತಿಲ್ಲ. ಅಂಕಿಯ ಬೆನ್ನು ಹತ್ತಬೇಕಿಲ್ಲ ಎಂಬುದಕ್ಕೆ ಮಾತ್ರ ಅದು ಸಾಕು.

ನಮ್ಮ ತಟ್ಟೆಗೆ ಬಂದರೆ ಲೆಕ್ಕ ಕಠಿಣ. ನೂರು ಗ್ರಾಂ ರಾಗಿ ಹಿಟ್ಟಿನಲ್ಲಿ ಸುಮಾರು 67 ಗ್ರಾಂ ಕಾರ್ಬೋಹೈಡ್ರೇಟ್ ಇದೆ, ಅಷ್ಟೇ ಅಕ್ಕಿಯಲ್ಲಿ 78. ಒಂದು ದೊಡ್ಡ ಮುದ್ದೆಗೆ ಇಡೀ ದಿನದ ಪಾಲು ಮುಗಿಯುತ್ತದೆ. ಐಸಿಎಂಆರ್‌ನ ದೇಶವ್ಯಾಪಿ ಸಮೀಕ್ಷೆ ಹೇಳುವಂತೆ ಭಾರತೀಯರ ಕ್ಯಾಲೊರಿಯಲ್ಲಿ ಶೇ 62ರಷ್ಟು ಕಾರ್ಬೋಹೈಡ್ರೇಟಿನಿಂದ. ಸಸ್ಯಾಹಾರಿಗೆ ಪ್ರೋಟೀನ್ ಕೊಡುವ ತೊಗರಿಬೇಳೆಯಲ್ಲೇ ಅರ್ಧಕ್ಕಿಂತ ಹೆಚ್ಚು ಕಾರ್ಬೋಹೈಡ್ರೇಟ್. ಹಾಗಾಗಿ ಇಲ್ಲಿ ಕೀಟೋ ಹಿಡಿದವರಲ್ಲಿ ಬಹಳ ಮಂದಿ ಅರ್ಧ ದಾರಿಯಲ್ಲಿರುತ್ತಾರೆ: ತುಪ್ಪ, ಬೆಣ್ಣೆ ಹೆಚ್ಚಾಗಿರುತ್ತದೆ, ಕೀಟೋಸಿಸ್ ಬಂದಿರುವುದಿಲ್ಲ. ಹಸಿವು ಅಡಗಿಸುವ ಲಾಭವೂ ಇಲ್ಲ, ಕೊಲೆಸ್ಟ್ರಾಲ್ ಏರುವ ಅಪಾಯವಂತೂ ಉಂಟು. ಇಂಥವರಿಗೆ ಮೀಟರ್ ನಿಜವಾಗಿ ಉಪಯೋಗಕ್ಕೆ ಬರುತ್ತದೆ, ಅಂಕಿ 0.1 ಎಂದಾಗ ಅದನ್ನು ನಂಬುವುದಾದರೆ.

ಇನ್ನೊಂದು ಗುಂಪಿಗೆ ಮೀಟರ್ ಜೀವರಕ್ಷಕ. ಡಾಪಾಗ್ಲಿಫ್ಲೋಜಿನ್, ಎಂಪಾಗ್ಲಿಫ್ಲೋಜಿನ್ ಮುಂತಾದ ಸಕ್ಕರೆ ಕಾಯಿಲೆಯ ಮಾತ್ರೆಗಳು ಸಕ್ಕರೆಯನ್ನು ಮೂತ್ರದಲ್ಲಿ ಹೊರಹಾಕುತ್ತವೆ. ಹೃದಯಕ್ಕೂ ಮೂತ್ರಪಿಂಡಕ್ಕೂ ಹಿತ. ಪೇಟೆಂಟ್ ಮುಗಿದ ಮೇಲೆ ಭಾರತದಲ್ಲಿ ಅಗ್ಗವಾಗಿ, ಹಳ್ಳಿಯ ಮೆಡಿಕಲ್ ಶಾಪಿನವರೆಗೂ ತಲುಪಿವೆ. ಇವು ಕೀಟೋನ್ ಉತ್ಪತ್ತಿಯನ್ನೂ ಹೆಚ್ಚಿಸುತ್ತವೆ. ಅದರ ಮೇಲೆ ಕೀಟೋ ಪಥ್ಯ, ಇಲ್ಲವೇ ವಾಂತಿ ಭೇದಿಯಿಂದ ಊಟ ಬಿಟ್ಟ ಎರಡು ದಿನ ಸೇರಿದರೆ ರಕ್ತ ಆಮ್ಲವಾಗಬಹುದು. ಕುಟಿಲತೆ ಏನೆಂದರೆ ಆಗ ಸಕ್ಕರೆ ಅಂಕಿ ಮಾಮೂಲಿನಂತೆಯೇ ಇರಬಹುದು. ‘ಶುಗರ್ ನಾರ್ಮಲ್ ಇದೆಯಲ್ಲ’ ಎಂದು ಮನೆಯವರೂ ಕೆಲವೊಮ್ಮೆ ಡ್ಯೂಟಿ ಡಾಕ್ಟರೂ ನಿರಾಳವಾಗುತ್ತಾರೆ. ಅಮೆರಿಕದ ಔಷಧ ಆಡಳಿತ 2015ರಲ್ಲೇ ಈ ಬಗ್ಗೆ ಎಚ್ಚರಿಸಿತ್ತು. ಈ ಮಾತ್ರೆ ನುಂಗುವವರು ವೈದ್ಯರನ್ನು ಕೇಳದೆ ಕೀಟೋ ಹಿಡಿಯಕೂಡದು. ಓಕರಿಕೆ, ಹೊಟ್ಟೆನೋವು, ಏದುಸಿರು ಬಂದರೆ ನೋಡಬೇಕಾದದ್ದು ರಕ್ತದ ಕೀಟೋನನ್ನು. ಅದು 3 ಮುಟ್ಟಿದರೆ ಆಸ್ಪತ್ರೆಗೆ ಹೊರಡಬೇಕು.

ತೂಕ ಇಳಿಸಲು ಪಥ್ಯ ಹಿಡಿದವರು ಅಳೆಯದೇ ಬಿಡುವ ಕಾಲ ಒಂದಿದೆ. ಪಥ್ಯ ಬಿಡುವ ವಾರಗಳು. ಮೂರು ತಿಂಗಳು ದಿನಾ ಬೆರಳು ಚುಚ್ಚಿಕೊಂಡವರು ತಂಗಿಯ ಮದುವೆಯ ಎಲೆಯ ಮುಂದೆ ಕೂತ ದಿನ ಮೀಟರನ್ನು ಡ್ರಾಯರಿಗೆ ಹಾಕುತ್ತಾರೆ. ಹೋಳಿಗೆ, ಚಿತ್ರಾನ್ನ, ಮಾರನೆಯ ದಿನ ಇಡ್ಲಿ. ವಾರ ಕಳೆಯುವುದರೊಳಗೆ ಹಸಿವು ಏರುತ್ತದೆ, ತಾವೇ ಸಡಿಲವಾದೆವೆಂದು ಬೈದುಕೊಳ್ಳುತ್ತಾರೆ. ಮೆಲ್ಬರ್ನ್ ಮತ್ತು ಟ್ರಾಂಡ್‌ಹೈಮ್‌ನ ರಕ್ತಮಾದರಿಗಳಲ್ಲಿ ಗ್ರೆಲಿನ್ ಎದ್ದು ನಿಂತದ್ದು ಸರಿಯಾಗಿ ಇದೇ ಹೊತ್ತಿಗೆ. ಮೂರ್ಛೆರೋಗದ ಮಕ್ಕಳ ವಿಭಾಗಗಳಲ್ಲಿ ಪಥ್ಯವನ್ನು ಹೀಗೆ ಬಿಡಿಸುವುದಿಲ್ಲ. ಸಾಮಾನ್ಯವಾಗಿ ಎರಡು ವರ್ಷದ ಪಥ್ಯದ ಬಳಿಕ, ಎರಡು ಮೂರು ತಿಂಗಳ ಅವಧಿಯಲ್ಲಿ, ಪ್ರೋಟೀನ್, ಕಾರ್ಬೋಹೈಡ್ರೇಟ್ ಸೇರಿ ಒಂದು ಪಾಲಿಗೆ ಕೊಬ್ಬನ್ನು ನಾಲ್ಕು ಪಾಲಿನಿಂದ ಮೂರು, ಎರಡು ಪಾಲು ಎಂದು ಮೆಟ್ಟಿಲು ಮೆಟ್ಟಿಲಾಗಿ ಇಳಿಸುತ್ತಾರೆ. ಪ್ರತಿ ಮೆಟ್ಟಿಲಿನಲ್ಲೂ ನಿಂತು ಫಿಟ್ಸ್ ಮರಳಿತೇ ಎಂದು ನೋಡುತ್ತಾರೆ, ಮರಳಿದರೆ ಒಂದು ಮೆಟ್ಟಿಲು ಹಿಂದಕ್ಕೆ ಹತ್ತುತ್ತಾರೆ. ತೂಕದ ಪಥ್ಯ ಮಾರುವ ಯಾವ ಚಾರ್ಟಿನಲ್ಲಾದರೂ ಕೊನೆಯ ಪುಟ ಅಂಥದ್ದೊಂದು ಇಳಿಯುವ ದಾರಿಯಾಗಿದೆಯೇ ಎಂದು ದುಡ್ಡು ಕೊಡುವ ಮುಂಚೆ ಕೇಳಿ ನೋಡಬಹುದು.